ಕಿವಿಯಿಂದ ಕಾಣುವ ಪ್ರಾಣಿಗಳು

ಕಳೆದ ಮಾಘಮಾಸದಲ್ಲಿ ನಾವು ನಮ್ಮ ಮನೆಯ ಹಿಂದಣ ಸುರಂಗದ ಬಾಯಿಗೆ ಒಂದು ಬಲೆಯನ್ನು ಕಟ್ಟಿಸಿದೆವು. ಅದರಿಂದಾದ ಅನರ್ಥವೇ ಈ ಲೇಖನಕ್ಕೆ ಕಾರಣ.

ಪುತ್ತೂರು, ಸುಳ್ಯ, ಕಡಬ ಸೀಮೆಗಳ ವಾಚಕರಿಗೆ ಸುರಂಗವೆಂದರೇನೆಂದು ವಿವರಿಸಬೇಕಾದುದಿಲ್ಲ. ಘಟ್ಟದ ಮೇಲಣವರಿಗಾಗಿ ಎರಡು ಮಾತು ಸಾಕು. ಗುಡ್ಡದ ಮುರಕಲ್ಲಿನೊಳಕ್ಕೆ, ಒಬ್ಬಾಳು ತಲೆಬಾಗಿ ನಡೆಯುವಷ್ಟು ಎತ್ತರಕ್ಕೆ, ಅಡ್ಡಲಾಗಿ ಕೊರೆದುಕೊಂಡು ಹೋಗಿ, ಒಳಗೆ ಒಸರುವ ನೀರು ತಾನಾಗಿಯೇ ಹೊರಕ್ಕೆ ಹರಿದುಬರುವಂತೆ ಮಾಡಿದ ದಾರಿಯೇ ಸುರಂಗ. ನೆರೆಯ ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹೀಗೆಯೇ ಗುಡ್ಡವನ್ನು ಕೊರೆದು ನೀರು ತಂದು ತೋಟವೆಬ್ಬಿಸಿದವರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಸಂದಾಗ ನಮ್ಮ ಕಡೆಯ ಎಷ್ಟೋ ಮಂದಿಗೆ ತಮ್ಮ ತಮ್ಮ ಹಿತ್ತಿಲಿನ ಸುರಂಗಗಳ ನೆನಪಾಯಿತು. ನಮ್ಮದು ತೀರ್ಥರೂಪರು ತೋಡಿಸಿದ್ದು. ೬೦ ಕೋಲು ಉದ್ದ. ಅಡಿಯ ಲೆಕ್ಕದಲ್ಲಿ ಸುಮಾರು ೧೫೦. ಕಡುಬೇಸಗೆಯಲ್ಲಿಯೂ ಬೆರಳು ಗಾತ್ರದ ನೀರು ನಿಂತುದಿಲ್ಲ.

ಈ ಸುರಂಗದೊಳಗೆ ನಮಗೆ ತಿಳಿವು ಬಂದಂದಿನಿಂದಲೂ ಸಣ್ಣ ಜಾತಿಯ ಬಾವಲಿಗಳು ಜೋತುಕೊಂಡಿವೆ. ಇವು ಅಡಿಕೆಯ ಹಣ್ಣನ್ನು ಚೀಪಿ ಬೀಜವನ್ನು ತೋಟದಲ್ಲಿ ಉದುರಿಸುವ ಬಾವಲಿಗಳಲ್ಲ. ಆ ಹಣ್ಣು ತಿನ್ನುವ ಜಾತಿಯವು ಬಹುಮಟ್ಟಿಗೆ ಕಣ್ಣು ಮೂಗುಗಳನ್ನು ನಂಬಿ ಬಾಳುವಂಥವು. ಸುರಂಗದವು ಹುಳುಹುಪ್ಪಟೆ ತಿನ್ನುವಂಥವು, ಹೆಬ್ಬೆರಳಿನಷ್ಟೇ ಮೈ, ಮೈಗೆ ಮೀರಿದ ಕಿವಿ. ಅಮರಕೋಶವು ಬಾವಲಿಗೆ ‘ಅಜಿನಪತ್ರಾ’ ಎಂಬ ಹೆಸರನ್ನು ಕೊಟ್ಟಿದೆ. ತೊಗಲೇ ರೆಕ್ಕೆಯಾದುದು ಎಂದರ್ಥ. ಹೆಸರಿಟ್ಟವನು ರೆಕ್ಕೆಯನ್ನು ನೋಡಿದನು, ಕಿವಿಯನ್ನು ನೋಡಲಿಲ್ಲ.

೨೦೧೮ರಲ್ಲಿ ಕೋಳಿಕ್ಕೋಡಿನ ಕಡೆ ನಿಪಾ ಜ್ವರವು ಕಾಣಿಸಿಕೊಂಡು ಜನರು ತೀರಿಕೊಂಡ ಮೇಲೆ, ಬಾವಲಿಯೆಂದರೆ ನಮ್ಮ ಊರುಗಳಲ್ಲಿ ಒಂದು ಬಗೆಯ ನಡುಕ ಉಳಿದಿದೆ. “ಮಾವ, ಕುಡಿಯುವ ನೀರಲ್ಲವೇ? ಮಕ್ಕಳಿರುವ ಮನೆ” ಎಂದು ಸೊಸೆ ಹೇಳಿದಾಗ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ರಂಬುಟಾನ್ ಮರಕ್ಕೆ ಹೊದಿಸಲು ತಂದಿದ್ದ ನೈಲಾನ್ ಬಲೆ ಮನೆಯಲ್ಲಿ ಮಿಕ್ಕಿತ್ತು. ಒಂದು ಹಗಲು ಮಗನು ಅದನ್ನು ಸುರಂಗದ ಬಾಯಿಗೆ ಬಿಗಿದನು; ಒಳಗಿದ್ದವು ಎಲ್ಲಿಗೆ ಹೋಗಬೇಕೆಂಬುದನ್ನು ನಾವು ಯಾರೂ ಯೋಚಿಸಲಿಲ್ಲ.

ಮರುದಿನ ಬೆಳಗ್ಗೆ ಬಲೆಯಲ್ಲಿ ಐದು ಬಾವಲಿಗಳು ಸಿಕ್ಕಿಕೊಂಡಿದ್ದುವು. ಮೂರು ಸತ್ತಿದ್ದುವು. ಮಿಕ್ಕ ಎರಡನ್ನು ಮಗನು ಕೈಗೆ ಗೋಣಿ ಸುತ್ತಿಕೊಂಡು ಎಳೆ ಕತ್ತರಿಸಿ ಬಿಡಿಸಿದನು. ಎಂಟು ವರ್ಷದ ಮೊಮ್ಮಗನು ಇದನ್ನೆಲ್ಲ ನೋಡುತ್ತ ನಿಂತಿದ್ದವನು, “ಅಜ್ಜ, ಬಾವಲಿಗೆ ಕತ್ತಲಲ್ಲಿ ಕೂದಲಿನಂಥ ತಂತಿಯೂ ಗೊತ್ತಾಗುತ್ತದೆ ಅಂತ ನೀವೇ ಹೇಳಿದ್ದಿರಿ. ಹಾಗಾದರೆ ಬಲೆ ಯಾಕೆ ಗೊತ್ತಾಗಲಿಲ್ಲ?” ಎಂದು ಕೇಳಿದನು.

ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಮಕ್ಕಳಿಗೆ ಆ ಮಾತನ್ನು ಹೇಳಿಕೊಂಡು ಬಂದ ನಮಗೆ ಉತ್ತರ ಹೊಳೆಯಲಿಲ್ಲ. ಸಂಸ್ಕೃತದ ಪಂಡಿತನಿಗೆ ಭೌತಶಾಸ್ತ್ರವೆಷ್ಟು ದೂರವೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಮೂರು ಜೀವ ಹೋಗಿತ್ತು. ಆದುದರಿಂದ ಪುಸ್ತಕಗಳನ್ನು ಹಿಡಿದು ಕುಳಿತೆವು. ಸುರಂಗದಿಂದ ಹೊರಟ ಆ ವಿಚಾರವು ನಮ್ಮನ್ನು ಕಡಲಿನವರೆಗೆ ಕೊಂಡೊಯ್ದಿತು.

ಮೊದಲು ಶಬ್ದದ ಮಾತು. ತರ್ಕಸಂಗ್ರಹವನ್ನು ಓದಿದವರು ಶಬ್ದವು ಆಕಾಶದ ಗುಣವೆಂದು ಕಲಿತಿರುವರು. ಗಾಳಿಯನ್ನು ಹೀರಿ ತೆಗೆದ ಗಾಜಿನ ಪಾತ್ರೆಯಲ್ಲಿ ಗಂಟೆ ಬಾರಿಸಿದರೆ ಕೇಳಿಸುವುದಿಲ್ಲವಾದುದರಿಂದ, ಶಬ್ದಕ್ಕೆ ಆಶ್ರಯವು ಆಕಾಶವಲ್ಲ, ಗಾಳಿ ನೀರು ಕಲ್ಲುಗಳಂತಹ ಮೂರ್ತದ್ರವ್ಯವೆಂದು ಈಗ ಒಪ್ಪಲೇಬೇಕು. ಆದರೆ ಶಬ್ದವು ಸಾಗುವ ಬಗೆಗೆ ನಮ್ಮ ತಾರ್ಕಿಕರು ಹೇಳಿದ ಎರಡು ದೃಷ್ಟಾಂತಗಳು ಹಳತಾಗಿಲ್ಲ. ಒಂದು ವೀಚೀತರಂಗನ್ಯಾಯ: ಕೊಳದಲ್ಲಿ ಒಂದು ಅಲೆ ಮತ್ತೊಂದನ್ನು ಎಬ್ಬಿಸುವಂತೆ. ಇನ್ನೊಂದು ಕದಂಬಮುಕುಲನ್ಯಾಯ: ಕದಂಬದ ಮೊಗ್ಗು ಎಲ್ಲ ದಿಕ್ಕಿಗೂ ಒಮ್ಮೆಗೇ ಅರಳುವಂತೆ. ಅಲೆಯು ತನಗಿಂತ ಬೇರೆಯಾದ ವಸ್ತುವಿಗೆ ತಾಗಿದಾಗ ಒಂದಂಶ ಹಿಂದಿರುಗುವುದು. ಅದೇ ಮಾರ್ದನಿ. ನಮ್ಮ ಸುರಂಗದ ಬಾಯಿಯಲ್ಲಿ ನಿಂತು ಕೂಗಿದರೆ, ಶಬ್ದವು ಒಳಗೋಡೆಗೆ ಬಡಿದು ಬರಲು ಸೆಕೆಂಡಿನ ಕಾಲುಭಾಗ ಹಿಡಿಯುವುದು. ಶಬ್ದದ ವೇಗವು ಸೆಕೆಂಡಿಗೆ ಸುಮಾರು ೩೪೫ ಮೀಟರೆಂದು ತಿಳಿದವನು ಒಳಗೆ ಕಾಲಿಡದೆಯೇ ಸುರಂಗದ ಉದ್ದವನ್ನು ಹೇಳಬಲ್ಲನು.

ಇಷ್ಟೇ ಆಗಿದ್ದರೆ ನಾವೂ ಕಣ್ಣುಮುಚ್ಚಿ ಕೂಗುತ್ತ ನಡೆದಾಡಬಹುದಾಗಿತ್ತು. ಹಾಗಾಗದಿರುವುದಕ್ಕೆ ಕಾರಣವು ಅಲೆಯ ಉದ್ದ. ಹೊಳೆಯ ಅಲೆಯು ನೀರಿನಲ್ಲಿ ನೆಟ್ಟ ಗಳುವನ್ನು ಲೆಕ್ಕಿಸದೆ ಬಳಸಿಕೊಂಡು ಮುಂದೆ ಹೋಗುವುದು. ಬಂಡೆಗೆ ಬಡಿದರೆ ಮಾತ್ರ ತಿರುಗಿಬರುವುದು. ಗಂಡಸಿನ ಮಾತಿನ ಶಬ್ದದ ಅಲೆಯ ಉದ್ದವು ಎರಡು ಮೀಟರಿಗೂ ಹೆಚ್ಚು. ಅದರ ಮುಂದೆ ಒಂದು ನುಸಿಯು ಎಷ್ಟರದು? ಸಣ್ಣ ವಸ್ತುವಿನಿಂದ ಮಾರ್ದನಿ ಬೇಕಾದರೆ ಅಲೆಯೂ ಸಣ್ಣದಾಗಬೇಕು, ಎಂದರೆ ಸ್ವರವು ಏರಬೇಕು. ಬಾವಲಿಯು ಸೆಕೆಂಡಿಗೆ ೫೦,೦೦೦ ಸಲ ಕಂಪಿಸುವ ಶಬ್ದವನ್ನು ಹೊರಡಿಸಿತೆಂದರೆ ಅದರ ಅಲೆ ಏಳು ಮಿಲಿಮೀಟರಿನದು. ಮನುಷ್ಯನ ಕಿವಿಯ ಶಕ್ತಿ ೨೦,೦೦೦ಕ್ಕೆ ಮುಗಿಯುವುದರಿಂದ ಈ ಕೂಗಾಟವೆಲ್ಲ ನಮಗೆ ಮೌನ.

ಆ ಮೌನವೇ ವಿದ್ವಾಂಸರನ್ನು ಬಹುಕಾಲ ಮೋಸಗೊಳಿಸಿತು. ಇಟಲಿಯ ಸ್ಪಲಂಜಾನಿಯು ೧೭೯೩ರಲ್ಲಿಯೇ, ಕಣ್ಣು ಕಳೆದುಕೊಂಡ ಬಾವಲಿಯು ಕಣ್ಣುಳ್ಳದ್ದರಂತೆಯೇ ಹಾರುವುದೆಂದು ಕಂಡುಕೊಂಡನು. ಜಿನೀವಾದ ಜುರೀನ್ ಎಂಬವನು ಕಿವಿಯನ್ನು ಮುಚ್ಚಿದರೆ ಅದು ಹೋಗಿ ಢಿಕ್ಕಿ ಹೊಡೆಯುವುದೆಂದು ತೋರಿಸಿದನು. ‘ಹಾಗಾದರೆ ಬಾವಲಿ ಕಿವಿಯಿಂದ ನೋಡುವುದೋ?’ ಎಂದು ಲೋಕವು ನಕ್ಕು ಸುಮ್ಮನಾಯಿತು. ೧೯೩೮ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಗ್ರಿಫಿನ್ ಎಂಬ ವಿದ್ಯಾರ್ಥಿಯು, ಪಿಯರ್ಸ್ ಎಂಬ ಅಧ್ಯಾಪಕರ ಬಳಿಯಿದ್ದ ಯಂತ್ರದ ಮುಂದೆ ಬಾವಲಿಗಳನ್ನು ಇರಿಸಿದಾಗ ಆ ಮೌನವೆಲ್ಲ ಗದ್ದಲವೆಂದು ಬಯಲಾಯಿತು.

ಈಗ ನೀರಿಗೆ ಇಳಿಯೋಣ. ನಮ್ಮ ಸುರಂಗದ ನೀರು ತೋಟದ ತೋಡಿಗೆ, ತೋಡು ಕುಮಾರಧಾರೆಗೆ. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಯಲ್ಲಿ ಕಡಲು ಸೇರುವುದು. ಸುಳ್ಯದವರ ಪಯಸ್ವಿನಿಯು ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಅದೇ ಕಡಲನ್ನು ಕಾಣುವುದು. ಆಟಿಯ ತಿಂಗಳಲ್ಲಿ ನಮ್ಮ ಗುಡ್ಡಗಳ ಕೆಮ್ಮಣ್ಣೆಲ್ಲ ಇಳಿದು ಅಳಿವೆಯ ನೀರು ರಾಡಿಯಾಗಿ, ಚಾಚಿದ ಕೈ ಕೈಗೆ ಕಾಣದಂತಾಗುವುದು. ಅಂತಹ ದಡದ ನೀರೇ ಗೂನುಬೆನ್ನಿನ ಡಾಲ್ಫಿನ್ ಎಂಬ ಪ್ರಾಣಿಗೆ ಪ್ರಿಯವಾದ ವಾಸಸ್ಥಾನ. ಅದು ಮೀನಲ್ಲ, ನಮ್ಮಂತೆ ಶ್ವಾಸಕೋಶವುಳ್ಳದ್ದು, ಮರಿಗೆ ಹಾಲೂಡಿಸುವಂಥದು. ಕಣ್ಣು ಕೆಲಸಕ್ಕೆ ಬಾರದ ಈ ಕೆಂಪು ನೀರಿನಲ್ಲಿ ಅದು ಮೀನನ್ನು ಬೆನ್ನಟ್ಟಿ ಹಿಡಿಯುವುದು ಹೇಗೆ?

ಬಾವಲಿಯ ಉಪಾಯವೇ, ಆದರೆ ನೀರಿನಲ್ಲಿ ಲೆಕ್ಕವೆಲ್ಲ ಬೇರೆ. ೧೮೨೬ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣದಲ್ಲಿ ಮೇಲೆ ಮದ್ದು ಹೊತ್ತಿಸಿ, ದೂರದ ದೋಣಿಯಲ್ಲಿ ಬೆಳಕನ್ನು ನೋಡಿ ಶಬ್ದಕ್ಕಾಗಿ ಕಾದು, ನೀರಿನಲ್ಲಿ ಶಬ್ದವು ಸೆಕೆಂಡಿಗೆ ೧,೪೩೫ ಮೀಟರು ಓಡುವುದೆಂದು ಅಳೆದರು. ಕಡಲಿನಲ್ಲಿ ಸುಮಾರು ೧,೫೦೦. ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಾಲಿಗೂ ಹೆಚ್ಚು. ನಮ್ಮ ಸುರಂಗವು ನೀರಿನಿಂದ ತುಂಬಿದ್ದರೆ ಮಾರ್ದನಿಯು ಸೆಕೆಂಡಿನ ಹದಿನಾರನೆಯ ಒಂದು ಪಾಲಿನಲ್ಲಿಯೇ ಹಿಂದೆ ಬಂದಿರುತ್ತಿತ್ತು. ವೇಗ ಹೆಚ್ಚಿದಷ್ಟೂ ಅಲೆಯು ಉದ್ದವಾಗುವುದರಿಂದ, ಅದೇ ಸೂಕ್ಷ್ಮತೆ ಬೇಕಾದರೆ ಡಾಲ್ಫಿನ್ನು ಬಾವಲಿಗಿಂತಲೂ ಮೇಲಿನ ಸ್ವರಕ್ಕೆ ಹೋಗಬೇಕು. ಅದರ ಶಬ್ದವು ಸೆಕೆಂಡಿಗೆ ೧,೨೦,೦೦೦ ಕಂಪನಗಳವರೆಗೆ ಏರುವುದು. ಅಷ್ಟಾದರೂ ಅಲೆ ಒಂದೂಕಾಲು ಸೆಂಟಿಮೀಟರಿನದು.

ಇದಕ್ಕೆ ಒಂದು ಲಾಭವೂ ಉಂಟು. ಯಕ್ಷಗಾನದ ಚೆಂಡೆಯು ಗುಡ್ಡದಾಚೆಗೂ ಕೇಳಿಸುವುದು, ಚಕ್ರತಾಳದ ಸಣ್ಣ ನಾದ ಅಂಗಳ ದಾಟಿದರೆ ಕ್ಷೀಣಿಸುವುದು. ಏರಿದ ಸ್ವರವನ್ನು ಗಾಳಿಯು ಬೇಗನೆ ನುಂಗಿಬಿಡುವುದು; ಆದುದರಿಂದಲೇ ಬಾವಲಿಗೆ ಹುಳವು ಕೆಲವು ಮೀಟರುಗಳ ಒಳಗೆ ಬಂದ ಮೇಲೆಯೇ ಗೋಚರ. ನೀರು ಹಾಗೆ ನುಂಗುವುದಿಲ್ಲ. ಹವಾಯಿ ದ್ವೀಪದ ಒಂದು ಕೊಲ್ಲಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ (ಅದರ ವರದಿ ೧೯೮೦ರದು) ಡಾಲ್ಫಿನ್ನೊಂದು, ಮೂರು ಅಂಗುಲ ಅಡ್ಡಗಲದ ಉಕ್ಕಿನ ಗುಂಡನ್ನು ೧೧೩ ಮೀಟರು ದೂರದಿಂದ ಗುರುತಿಸಿತು.

ಈ ಶಬ್ದವು ಗಂಟಲಿನಿಂದ ಬರುವುದಲ್ಲ. ನೆತ್ತಿಯ ಮೇಲಣ ಉಸಿರುರಂಧ್ರದ ಕೆಳಗೆ ಮೂಗಿನ ದಾರಿಯಲ್ಲಿ ತುಟಿಯಂತಹ ಮಡಿಕೆಗಳಿವೆ. ಅವುಗಳ ನಡುವೆ ಗಾಳಿಯನ್ನೊತ್ತಿದಾಗ ಅವು ಪಟಪಟನೆ ಬಡಿದುಕೊಳ್ಳುವುವು. ಒಂದೊಂದು ಬಡಿತವೂ ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲಿಗಿಂತ ಕಿರಿದು. ಹಣೆಯಲ್ಲಿ ಒಂದು ಕೊಬ್ಬಿನ ಗಡ್ಡೆಯಿದೆ. ಅದರ ನಡುವಿನ ಕೊಬ್ಬಿನಲ್ಲಿ ಶಬ್ದವು ನಿಧಾನವಾಗಿಯೂ ಅಂಚಿನಲ್ಲಿ ಬೇಗನೆಯೂ ಸಾಗುವುದರಿಂದ, ಕನ್ನಡಕದ ಗಾಜು ಬೆಳಕನ್ನು ಬಾಗಿಸುವಂತೆ ಆ ಗಡ್ಡೆಯು ಶಬ್ದವನ್ನು ಬಾಗಿಸಿ ಒಂದೇ ಧಾರೆಯಾಗಿ ಮುಂದಕ್ಕೆ ಕಳುಹಿಸುವುದು. ಹಿಂದಿರುಗಿದ ಮಾರ್ದನಿಯನ್ನು ಸ್ವೀಕರಿಸುವುದು ಕೆಳದವಡೆ! ಅಲ್ಲಿನ ತೆಳುವಾದ ಎಲುಬಿನೊಳಗೆ ತುಂಬಿರುವ ಕೊಬ್ಬು ಅದನ್ನು ಕಿವಿಗೆ ಮುಟ್ಟಿಸುವುದು.

ಕುಮಾರಧಾರೆಯಲ್ಲಿ ಮುಳುಗಿ ಎರಡು ಕಲ್ಲುಗಳನ್ನು ಕುಟ್ಟಿ ಆಡಿದವರು ಒಂದು ಸಂಗತಿಯನ್ನು ಬಲ್ಲರು. ನೀರೊಳಗೆ ಆ ಶಬ್ದ ಯಾವ ಕಡೆಯಿಂದ ಬಂತೆಂದು ತಿಳಿಯದೆ, ತಲೆಯೊಳಗೇ ಹುಟ್ಟಿದಂತೆ ತೋರುವುದು. ನಮ್ಮ ಕಿವಿಗಳು ತಲೆಬುರುಡೆಗೆ ಅಂಟಿಕೊಂಡಿರುವುದರಿಂದ, ಶಬ್ದವು ಎಲುಬಿನ ಮೂಲಕ ಎರಡೂ ಕಿವಿಗೆ ಹೆಚ್ಚುಕಡಿಮೆ ಒಮ್ಮೆಗೇ ಮುಟ್ಟಿಬಿಡುವುದು. ಡಾಲ್ಫಿನ್ನಿನ ಕಿವಿಯ ಎಲುಬುಗಳಾದರೋ ಬುರುಡೆಗೆ ಬೆಸೆದುಕೊಳ್ಳದೆ, ಗಾಳಿ ತುಂಬಿದ ಚೀಲಗಳ ನಡುವೆ ಬೇರೆಬೇರೆಯಾಗಿ ನಿಂತಿವೆ. ಎಡ ಬಲಗಳ ಭೇದವು ಅದಕ್ಕೆ ನೀರೊಳಗೂ ಉಳಿಯುವುದು.

ಕೇಳುವ ಕ್ರಮವೂ ಚೆನ್ನಾಗಿದೆ. ಒಂದು ಬಡಿತವನ್ನು ಕಳುಹಿಸಿ, ಅದರ ಉತ್ತರ ಬಂದ ಮೇಲೆಯೇ ಸಾಧಾರಣವಾಗಿ ಮುಂದಿನದನ್ನು ಕಳುಹಿಸುವುದು. ನೂರು ಮೀಟರು ದೂರದ ವಸ್ತುವಿಗೆ ಸೆಕೆಂಡಿಗೆ ಏಳು ಪ್ರಶ್ನೆಗಳು. ಹತ್ತಿರವಾದಂತೆ ಉತ್ತರ ಬೇಗ ಬರುವುದು, ಪ್ರಶ್ನೆಯೂ ಬೇಗ ಹೋಗುವುದು. ಮೀನು ಬಾಯ ಮುಂದೆ ಬಂದಾಗ ಸೆಕೆಂಡಿಗೆ ನೂರಾರು ಬಡಿತಗಳಾಗಿ ಎಲ್ಲವೂ ಕೂಡಿ ಒಂದೇ ಝೇಂಕಾರದಂತೆ ಕೇಳಿಸುವುದು.

ಇದೆಲ್ಲದರಲ್ಲಿ ಪ್ರಕೃತಕ್ಕೆ ಮುಖ್ಯವಾದುದು ಮತ್ತೊಂದು. ನಮ್ಮ ಮಗಳು ಬಸುರಿಯಾಗಿದ್ದಾಗ ಪುತ್ತೂರಿನಲ್ಲಿ ಸ್ಕ್ಯಾನಿಂಗಿಗೆ ಹೋಗಿಬಂದವಳು, “ಅಪ್ಪ, ಹೊಟ್ಟೆಗೆ ಆ ತಣ್ಣನೆಯ ಅಂಟು ಯಾಕೆ ಹಚ್ಚುತ್ತಾರೆ?” ಎಂದು ಕೇಳಿದ್ದಳು. ಆಗ ಏನೋ ಹೇಳಿದೆವು. ಸರಿಯಾದ ಉತ್ತರ ಈಗ ತಿಳಿಯಿತು. ಆ ಯಂತ್ರವೂ ಡಾಲ್ಫಿನ್ನಿನಂತೆ ಮಾರ್ದನಿಯಿಂದಲೇ ನೋಡತಕ್ಕದ್ದು. ಶಬ್ದವು ಒಂದು ದ್ರವ್ಯದಿಂದ ಮತ್ತೊಂದನ್ನು ಪ್ರವೇಶಿಸುವಾಗ, ಅವೆರಡರ ಸಾಂದ್ರತೆಯಲ್ಲಿಯೂ ಶಬ್ದದ ವೇಗದಲ್ಲಿಯೂ ಎಷ್ಟು ಭೇದವಿದೆಯೋ ಅಷ್ಟು ಪಾಲು ಹಿಂದಿರುಗುವುದು. ಗಾಳಿಗೂ ನೀರಿಗೂ ಭೇದವು ಅಪಾರ. ಗಾಳಿಯಿಂದ ನೀರಿಗೆ ಬಿದ್ದ ಶಬ್ದದಲ್ಲಿ ಸಾವಿರಕ್ಕೆ ಒಂದು ಪಾಲು ಒಳಹೊಕ್ಕರೆ ಹೆಚ್ಚು. ಯಂತ್ರಕ್ಕೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದವೆಲ್ಲ ಅಲ್ಲಿಂದಲೇ ಹಿಂದಿರುಗಿ, ಒಳಗಿನ ಮಗು ಕಾಣಿಸದು. ಆ ಗಾಳಿಯನ್ನು ಹೊರದೂಡುವುದಕ್ಕೇ ಅಂಟು.

ಮಾಂಸವು ಬಹುಪಾಲು ನೀರೇ. ಆದುದರಿಂದ ಡಾಲ್ಫಿನ್ನಿನ ಶಬ್ದವು ಮೀನಿನ ಮಾಂಸವನ್ನು ಹಾದುಹೋಗಿ, ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಜೋರಾಗಿ ಹಿಂದಿರುಗುವುದು. ನಮಗೆ ಹುರುಪೆ ಮೊದಲು ಕಂಡರೆ, ಅದಕ್ಕೆ ಒಳಗಿನ ಗಾಳಿ ಮೊದಲು ಕಾಣುವುದು. ಮಂಗಳೂರಿನ ದೋಣಿಗಳಲ್ಲಿ ಮೀನು ಹುಡುಕುವ ಯಂತ್ರವೂ ಹಲವು ಮೀನುಗಳನ್ನು ಈ ಚೀಲದ ಮಾರ್ದನಿಯಿಂದಲೇ ಅರಿಯುವುದು. ಭೇದವಿದ್ದಲ್ಲಿ ಮಾತ್ರ ಉತ್ತರವುಂಟು. ಸುತ್ತಣ ನೀರಿಗೆ ಸಮನಾದ ವಸ್ತುವು ಶಬ್ದಕ್ಕೆ ಇಲ್ಲದಂತೆಯೇ.

ಬಲೆಯ ರಹಸ್ಯ ಇಲ್ಲಿದೆ. ನೈಲಾನಿನ ಎಳೆಯು ಶಬ್ದದ ದೃಷ್ಟಿಯಲ್ಲಿ ನೀರಿಗಿಂತ ಬಹಳ ಬೇರೆಯಲ್ಲ. ಮೇಲಾಗಿ ಒಂದು ಮಿಲಿಮೀಟರಿಗಿಂತ ತೆಳು. ಒಂದೂಕಾಲು ಸೆಂಟಿಮೀಟರಿನ ಅಲೆಯು ಅದನ್ನು ಹೊಳೆಯ ಗಳುವಿನಂತೆ ಬಳಸಿ ಹೋಗುವುದು, ಹಿಂದಿರುಗುವುದು ಲೇಶಮಾತ್ರ. ೧೧೩ ಮೀಟರು ದೂರದ ಉಕ್ಕಿನ ಗುಂಡನ್ನು ಕಾಣುವ ಜಾಣನ ಬಳಗದವರೇ ಇಂತಹ ಬಲೆಯನ್ನು ತೀರ ಹತ್ತಿರಕ್ಕೆ ಬಂದ ಮೇಲೆ ಅರಿತು, ಅಥವಾ ಅರಿಯದೆಯೇ, ಸಿಕ್ಕಿಬೀಳುವರು. ಮೇಲೆ ಬಂದು ಉಸಿರೆಳೆಯಲಾಗದೆ ನೀರಿನ ಪ್ರಾಣಿ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುದು. ಈ ಸಂಗತಿಯ ಸೂಚನೆ ಬಹಳ ಹಿಂದೆಯೇ ದೊರಕಿತ್ತು. ೧೯೪೭ರಲ್ಲಿ ಫ್ಲಾರಿಡಾದಲ್ಲಿ ಡಾಲ್ಫಿನ್ನುಗಳನ್ನು ಹಿಡಿಸುತ್ತಿದ್ದ ಮೆಕ್‌ಬ್ರೈಡ್ ಎಂಬವರು, ರಾಡಿ ನೀರಿನ ಕತ್ತಲಲ್ಲಿ ಅವು ಸಣ್ಣ ಕಣ್ಣಿನ ಬಲೆಯನ್ನು ದೂರದಿಂದಲೇ ತಪ್ಪಿಸಿಕೊಳ್ಳುವುದನ್ನೂ, ದೊಡ್ಡ ಕಣ್ಣಿನದರಲ್ಲಿ ಸಿಕ್ಕುವುದನ್ನೂ ಕಂಡು, ಬಾವಲಿಯಂತೆ ಇವೂ ಮಾರ್ದನಿಯನ್ನು ನಂಬಿರಬೇಕೆಂದು ಬರೆದಿಟ್ಟಿದ್ದರು. ಆ ಬರೆಹ ಅಚ್ಚಾದುದು ೧೯೫೬ರಲ್ಲಿ. ೧೯೬೦ರ ಸುಮಾರಿಗೆ ಕೆನೆತ್ ನಾರಿಸ್ ಎಂಬವರು ಡಾಲ್ಫಿನ್ನಿನ ಕಣ್ಣುಗಳಿಗೆ ರಬ್ಬರಿನ ಮುಚ್ಚಳವಿಟ್ಟು ಪರೀಕ್ಷಿಸಿದಾಗ ಸಂದೇಹವುಳಿಯಲಿಲ್ಲ.

ನಮ್ಮ ದೇಶದಲ್ಲಿ ಇದರ ಪರಮಾವಧಿಯು ಗಂಗೆಯ ಡಾಲ್ಫಿನ್. ಅದರ ಕಣ್ಣಿನಲ್ಲಿ ಮಸೂರವೇ ಇಲ್ಲ. ಬೆಳಕು ಕತ್ತಲೆಗಳ ಭೇದಕ್ಕಿಂತ ಹೆಚ್ಚು ತಿಳಿಯದು. ಬಾಳುವೆಯೆಲ್ಲ ಮಾರ್ದನಿಯದೇ. ೨೦೦೯ರಲ್ಲಿ ಅದನ್ನು ರಾಷ್ಟ್ರೀಯ ಜಲಚರವೆಂದು ಸಾರಿದರು. ಅಮರಕೋಶದ ವಾರಿವರ್ಗದಲ್ಲಿ ಬರುವ ‘ಶಿಶುಮಾರ’ವು ಇದೇ ಪ್ರಾಣಿಯೆಂದು ಅನೇಕರ ಮತ. ನಾವು ಅದನ್ನು ‘ಒಂದು ಬಗೆಯ ಮೊಸಳೆ’ ಎಂದು ಎಷ್ಟು ತರಗತಿಗಳಿಗೆ ಹೇಳಿಕೊಟ್ಟಿದ್ದೇವೋ!

ಬಲೆಯ ಎಳೆಯಲ್ಲಿ ಬೇರಿಯಮ್ ಸಲ್ಫೇಟನ್ನು ಬೆರೆಸಿ ಮಾರ್ದನಿಯನ್ನು ಹೆಚ್ಚಿಸುವುದು, ಬಲೆಗೆ ಕೂಗುವ ಯಂತ್ರವನ್ನು ಕಟ್ಟಿ ಪ್ರಾಣಿಯನ್ನು ಎಚ್ಚರಿಸುವುದು ಮೊದಲಾದ ಯತ್ನಗಳು ನಡೆದಿವೆ. ೧೯೭೨ರ ವನ್ಯಜೀವಿ ಕಾಯಿದೆಯೂ ಡಾಲ್ಫಿನ್ನನ್ನು ಕಾಪಾಡುತ್ತಿದೆ. ಆದರೆ ತಿಳಿದೂ ತಿಳಿದೂ ಅದನ್ನು ಬಲೆಗೆ ಕೆಡಹುವ ಮೀನುಗಾರನು ಅಪರೂಪ. ಬಲೆ ಹರಿದರೆ ನಷ್ಟ ಅವನದೇ.

ಇನ್ನು ಮೊಮ್ಮಗನ ಪ್ರಶ್ನೆ. ಬಾವಲಿಯ ವಿಷಯದಲ್ಲಿ ಬಲೆಯು ತೆಳುವೆಂಬುದು ಅರ್ಧ ಕಾರಣ ಮಾತ್ರ. ಗಾಳಿಯಲ್ಲಿ ನೈಲಾನ್ ಎಳೆಯಿಂದ, ಹತ್ತಿರಕ್ಕೆ ಬಂದರೆ, ಮಾರ್ದನಿ ಉಂಟು. ಮಿಕ್ಕ ಅರ್ಧವನ್ನು ಗ್ರಿಫಿನ್ನರೇ ಗಮನಿಸಿದ್ದರು. ದಿನವೂ ಓಡಾಡುವ ದಾರಿಯಲ್ಲಿ ಬಾವಲಿಯು ಮಾರ್ದನಿಗೆ ಕಿವಿಗೊಡುವುದು ಕಡಿಮೆ, ನೆನಪನ್ನೇ ನಂಬಿ ಹಾರುವುದು. ಆ ದಾರಿಯಲ್ಲಿ ಹೊಸ ಅಡ್ಡಿಯನ್ನಿಟ್ಟರೆ ಹೋಗಿ ಬಡಿಯುವುದು. ಕತ್ತಲಲ್ಲಿ ನಾವು ನಮ್ಮ ಮನೆಯ ಮೆಟ್ಟಿಲನ್ನು ತಡವದೆ ಇಳಿಯುವುದಿಲ್ಲವೇ? ತಮ್ಮ ಮನೆಯ ಬಾಗಿಲಲ್ಲಿ ಬಲೆಯಿರಬಹುದೆಂದು ಅವು ಕೇಳಿ ನೋಡಲಿಲ್ಲ.

ಇದನ್ನು ಹೇಳಿದಾಗ ಮೊಮ್ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಪ್ಪು ಅವುಗಳದ್ದಲ್ಲ” ಎಂದನು.

ಬಲೆಯನ್ನು ಆ ದಿನವೇ ಬಿಚ್ಚಿಸಿದ್ದೆವು. ಸೊಸೆಯ ಮಾತೂ ಅಸಡ್ಡೆ ಮಾಡತಕ್ಕದ್ದಲ್ಲ. ನಿಪಾ ರೋಗಾಣುವಿನ ನೆಲೆಯೆಂದು ನಮ್ಮ ದೇಶದಲ್ಲಿ ಕಂಡುಬಂದಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಯಾದರೂ, ಯಾವ ಬಾವಲಿಯ ಹಿಕ್ಕೆಯೂ ಕುಡಿಯುವ ನೀರಿಗೆ ಬೀಳಬಾರದು. ಯಾವುದನ್ನೂ ಬರಿಗೈಯಲ್ಲಿ ಮುಟ್ಟಲೂಬಾರದು. ಆದುದರಿಂದ ಸುರಂಗದೊಳಗೆ ನೀರು ಒಸರುವ ತಾಣದಿಂದಲೇ ಪೈಪು ಹಾಕಿಸಿ, ಹೊರಗಿನ ಟಾಂಕಿಗೆ ಮುಚ್ಚಳ ಮಾಡಿಸಿ, ಕುಡಿಯುವ ನೀರನ್ನು ಕುದಿಸಿಯೇ ಬಳಸುತ್ತಿದ್ದೇವೆ. ಒಟ್ಟು ಖರ್ಚು ಒಂದು ಮೂಟೆ ಅಡಿಕೆಯ ಬೆಲೆಗೂ ಬರಲಿಲ್ಲ.

ಹದಿನೈದು ದಿವಸ ಸುರಂಗವು ಬರಿದಾದಂತಿತ್ತು. ಮೊನ್ನೆ ಮುಸ್ಸಂಜೆ ಮೊಮ್ಮಗನು ದೂರದ ಕಲ್ಲಿನ ಮೇಲೆ ಕುಳಿತು ಹೊರಬರುವ ಬಾವಲಿಗಳನ್ನು ಎಣಿಸುತ್ತಿದ್ದನು. ಹತ್ತೊಂಬತ್ತರ ವರೆಗೆ ಎಣಿಸಿದ ಮೇಲೆ ನಾಲ್ಕಾರು ಒಟ್ಟಿಗೇ ಹೊರಬಿದ್ದು ಲೆಕ್ಕ ತಪ್ಪಿತಂತೆ.